ದುರುಗೇಶನ ಬೆಸ್ಟ್ ಯಾವುದು

ಬಾಯಲ್ಲಿ ಮಿರ್ಚಿ ಇದ್ದವರು ಮಾತಾಡುವಂತಿಲ್ಲ. ಇದು ‘ಅದಿರು’ ಬ್ಯಾಂಡಿನ ಕಾನೂನು.

ಕಾನೂನು ಹುಟ್ಟಿದ್ದು ದುರುಗೇಶನ ದೆಸೆಯಿಂದ. ಒಬ್ಬರು ಹಾಡಿದ್ದನ್ನೋ ಬಾರಿಸಿದ್ದನ್ನೋ ಉಳಿದ ಮೂವರು ಕೂತು ತೂಗಿ ನೋಡುವಾಗ, ತೂಗಿಸಿಕೊಳ್ಳುವವನೇ ಎದ್ದು ತಕ್ಕಡಿ ಕಸಿದುಕೊಂಡರೆ ಮಾತು ಮುಂದೆ ಹೋಗುವುದಾದರೂ ಹೇಗೆ? ಹಿಂದೊಮ್ಮೆ ಅವನ ಡ್ರಮ್ಸ್ ಬಗ್ಗೆ ಯಾರೋ ಅರ್ಧ ಮಾತು ಆಡಿದ್ದರು. ಇನ್ನರ್ಧ ಹೊರಬರುವಷ್ಟರಲ್ಲಿ ದುರುಗೇಶ ಯಮನಮ್ಮನ ಮಿರ್ಚಿ ಬಂಡಿಯ ಬೆಂಚನ್ನು, ಅದರ ಮೇಲೆ ಕೂತವರ ಸಮೇತ, ಎತ್ತಲು ಹೊರಟಿದ್ದ. ಹೇಮಾವತಿ ತಟ್ಟೆಯಲ್ಲಿದ್ದ ಬಿಸಿ ಮಿರ್ಚಿಯೊಂದನ್ನು ತೆಗೆದು ಅವನ ಬಾಯಿಗೆ ತುರುಕಿಬಿಟ್ಟಳು. ಉಗುಳಲೂ ಆಗದೆ ನುಂಗಲೂ ಆಗದೆ ಅವನು ಕಣ್ಣೀರು ಸುರಿಸುತ್ತ ನಿಂತ. ಅಷ್ಟು ಹೊತ್ತಿನಲ್ಲಿ ಬ್ಯಾಂಡಿನ ಹಳೇ ಜಗಳವೆಲ್ಲ ಬಗೆಹರಿದಿತ್ತು. ಅಂದಿನಿಂದ ಯಾರ ವಿಚಾರ ಬಂದರೂ ಅವರ ಬಾಯಿಗೊಂದು ಮಿರ್ಚಿ.

ಹೊಸಪೇಟೆಯಲ್ಲಿ ರಾಕ್ ಬ್ಯಾಂಡೇ ಎಂದು ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ಹಂಪಿ ನೋಡಲು ಬಂದವನೊಬ್ಬ, ಬಿಸಿಲಿಗೆ ಕರಗಿ ಬೆಣ್ಣೆಯಾಗುತ್ತಿದ್ದರೂ ಕಪ್ಪು ಜಾಕೆಟ್ಟು ತೆಗೆಯದವನು, “ಇಲ್ಲೂ ರಾಕ್ ಕೇಳ್ತಾರಾ?” ಅಂದಿದ್ದಕ್ಕೆ ದುರುಗೇಶ ಕೊಟ್ಟ ಉತ್ತರ ಇವರ ಓಣಿ ಚಿತ್ತವಾಡ್ಗಿಯಲ್ಲಿ ಇನ್ನೂ ಚಾಲ್ತಿಯಲ್ಲಿದೆ: “ಯಾಕ್ರಿ, ನಮ್ಮ ಕಿವಿಯೊಳಗೇನು ಮಣ್ಣು ತುಂಬೈತೇನು?”

ಅವನ ಸಿಟ್ಟಿಗೆ ಕಾರಣ ಹುಡುಕುವುದು ದಂಡ. ಕೆಲವರಿಗೆ ಹುಟ್ಟಿನಿಂದ ಮಚ್ಚೆ ಇರುತ್ತದೆ, ಅವನಿಗೆ ಸಿಟ್ಟಿತ್ತು. ಒಂಬತ್ತನೇ ತರಗತಿಯಲ್ಲಿ ಬೆಂಚು ಬಾರಿಸಿದ್ದಕ್ಕೆ ಮೇಷ್ಟ್ರು ಹೊರಗೆ ನಿಲ್ಲು ಎಂದರು. ಅವನು ನಿಲ್ಲಲಿಲ್ಲ, ಹೊರಟೇ ಹೋದ. ಹೋದವನು ಟಿಪ್ಪರ್ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಲಿತ. ಅಲ್ಲಿ ತಗಡು ಬಡಿದರೆ ಯಾರೂ ಬಯ್ಯುವುದಿಲ್ಲ, ಬಡಿಯದಿದ್ದರೆ ಬಯ್ಯುತ್ತಾರೆ. ಲೋಕ ಇಷ್ಟು ಸರಿಯಾಗಿರುತ್ತದೆ ಎಂದು ಅವನಿಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಬ್ಯಾಂಡಿನಲ್ಲಿ ಹಾಡುವವಳು ಹೇಮಾವತಿ. ಹಗಲೆಲ್ಲ ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷೆ ಮಾಡಿ, ಸಂಜೆ ಇವರ ರಕ್ತ ಕುದಿಸುವುದು ಅವಳ ಕೆಲಸ. ವಯಸ್ಸಿನಲ್ಲಿ ಹಿರಿಯಳು, ಹಾಗಾಗಿ ಎಲ್ಲರಿಗೂ ಹೇಮಕ್ಕ. ಗಿಟಾರಿನ ಬಸವರಾಜ್ ಸಂಡೂರಿನ ಗಣಿ ರಸ್ತೆಯಲ್ಲಿ ಲಾರಿ ತೂಗುವ ವೇಬ್ರಿಜ್ಜಿನಲ್ಲಿ ಕೂರುತ್ತಾನೆ. ಬೇಸ್ ಗಿಟಾರಿನ ಸಾಗರ ಕಮಲಾಪುರದ ಲಾಡ್ಜುಗಳಲ್ಲಿ ಕರೆಂಟಿನ ಕೆಲಸ ಮಾಡುತ್ತಾನೆ. ಅವನು ಬಾರಿಸಿದ್ದು ಕೇಳಿಸುವುದು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹಾಡು ಹಾಕಿದಾಗ ಮಾತ್ರ ಎಂಬುದು ಉಳಿದವರ ದೂರು.

ಬ್ಯಾಂಡಿಗೆ ಹತ್ತು ವರ್ಷ ತುಂಬಿತ್ತು. ಆಲ್ಬಮ್ ಮೂರು: ‘ಓವರ್‌ಲೋಡ್’, ‘ಹೊಟ್ಟು’, ‘ಮೂರನೇ ಪಾಳಿ’. ಇವರ ಹಾಡು ರೆಕಾರ್ಡ್ ಮಾಡುವ ಪ್ರವೀಣ, ಮದುವೆ ವಿಡಿಯೊ ಸ್ಟುಡಿಯೊದವನು, ಒಂದು ಉಪಾಯ ಹೇಳಿದ. ಒಬ್ಬೊಬ್ಬರ ಫೋಟೊ, ಅವರವರ ಜೀವಮಾನದ ಬೆಸ್ಟ್ ಅನ್ನುವ ಒಂದೊಂದು ಹಾಡು, ಹೀಗೆ ನಾಲ್ಕು ವಿಡಿಯೊ ಮಾಡಿ ಬಿಡೋಣ. ಯಾವ ಹಾಡು ಅಂತ ಭಾನುವಾರ ಸಂಜೆಯೊಳಗೆ ತಿಳಿಸಿಬಿಡಿ.

ಎಲ್ಲರೂ ಹ್ಞೂಂ ಅಂದರು. ದುರುಗೇಶ ಎಲ್ಲರಿಗಿಂತ ಸಣ್ಣ ದನಿಯಲ್ಲಿ ಹ್ಞೂಂ ಅಂದ. ಯಾಕೆಂದರೆ ಹತ್ತು ವರ್ಷದಲ್ಲಿ ಈ ಮೂವರು ಅವನಿಗೆ ಹೇಳಿದ್ದು ಒಂದೇ ಮಾತು: “ಓಡಬ್ಯಾಡ ಲೇ.” ಹಾಡು ನಡೆಯುತ್ತಿದ್ದರೆ ಅವನ ಕೈ ಓಡುತ್ತದೆ, ಸಿಟ್ಟು ಬಂದರಂತೂ ಹಾರುತ್ತದೆ. ಚಲೋ ಬಾರಿಸಿದಿ ಎಂದು ಒಬ್ಬರಾದರೂ ಒಮ್ಮೆಯಾದರೂ ಅಂದದ್ದಿಲ್ಲ. ಅವನೂ ಕೇಳಿದವನಲ್ಲ. ಕೇಳಿ ಅನ್ನಿಸಿಕೊಳ್ಳುವುದಕ್ಕಿಂತ ವೆಲ್ಡಿಂಗ್ ಕಿಡಿ ಕಣ್ಣಿಗೆ ಬೀಳುವುದು ವಾಸಿ. ಆದರೆ ಈ ಭಾನುವಾರ ಅವರು ಅನ್ನಲೇಬೇಕು. ಕಾನೂನೇ ಹಾಗಿದೆ.

ಭಾನುವಾರ ಬೆಳಿಗ್ಗೆ ಯಮನಮ್ಮನ ಬಂಡಿ ಮುಂದೆ ಸಭೆ ಸೇರಿತು. ಒಗ್ಗರಣಿ ಮಂಡಕ್ಕಿ, ಪಕ್ಕಕ್ಕೆ ಮಿರ್ಚಿ. ಮೊದಲು ಹೇಮಾವತಿಯ ಬಾಯಿಗೆ ಮಿರ್ಚಿ ಹೋಯಿತು.

“ಹೇಮಕ್ಕಂದು ‘ಮೂರನೇ ಪಾಳಿ’ ಒಳಗ ಯಾವುದಾದ್ರೂ ಹಾಕ್ರಿ. ದನಿ ಗಾಜಿನಂಗೈತಿ,” ಅಂದ ಸಾಗರ.

“ಗಾಜು ಬೇಕಂದ್ರ ಕಿಟಕಿ ಅಂಗಡಿಗೆ ಹೋಗು,” ದುರುಗೇಶ ಎದ್ದು ನಿಂತ. “‘ಓವರ್‌ಲೋಡ್’ ಹಾಡು ಕೇಳೀಯೇನು? ಆವತ್ತು ಆಕಿಗೆ ಜ್ವರ. ಮೂರನೇ ಚರಣದಾಗ ದನಿ ಒಡೀತೈತಿ. ಒಡದ ಮ್ಯಾಲೂ ಆಕಿ ಬಿಡಲ್ಲ, ಅದರ ಕುತ್ತಿಗಿ ಹಿಡದು ಎಳಕೊಂಡು ಹೋಗ್ತಾಳ. ಅಲ್ಲಿ ನನಗ ಇವತ್ತಿಗೂ ಮೈ ಜುಮ್ ಅಂತೈತಿ. ಗಾಜಂತ ಗಾಜು!”

ಸಾಗರ ಬಿಡಲಿಲ್ಲ, ಇವನು ಬಿಟ್ಟಾನೆಯೇ? ಮಾತಿಗೆ ಮಾತು ಬೆಳೆದು, ಯಮನಮ್ಮ ಬಾಣಲೆಯ ಜಾಲರಿ ಎತ್ತಿ ಇಬ್ಬರಿಗೂ ತೋರಿಸಿದ ಮೇಲೆ ‘ಓವರ್‌ಲೋಡ್’ ಗೆದ್ದಿತು. ಹೇಮಾವತಿ ಕಣ್ಣೊರೆಸಿಕೊಂಡಳು. ಖಾರಕ್ಕೋ ಖುಷಿಗೋ ಯಾರೂ ಕೇಳಲಿಲ್ಲ.

ಬಸವರಾಜನದು ಇನ್ನೂ ಜೋರಾಯಿತು. ‘ವೇಬ್ರಿಜ್’ ಎಂಬ ಹಾಡಿನ ನಡುವೆ ಅವನ ಗಿಟಾರಿನ ತಂತಿ ಕಡಿದಿತ್ತು. ಕಡಿದ ತಂತಿ ಬಿಟ್ಟು ಉಳಿದವುಗಳಲ್ಲೇ ಅವನು ದಾರಿ ಹುಡುಕಿ ಹಾಡು ಮುಗಿಸಿದ್ದ. ಅದೇ ಬೆಸ್ಟ್ ಎಂದು ದುರುಗೇಶ ಬಂಡಿ ಗುದ್ದಿ ವಾದಿಸಿ ಗೆದ್ದ. ಸಾಗರನ ಸರದಿ ಬಂದಾಗ, ‘ಹೊಟ್ಟು’ ಆಲ್ಬಮಿನ ಮೊದಲ ಹಾಡಿನಲ್ಲಿ ಬೇಸ್ ಹೇಗೆ ನೆಲದೊಳಗಿಂದ ಗೆದ್ದಲು ಎದ್ದ ಹಾಗೆ ಎದ್ದು ಬರುತ್ತದೆ ಎಂಬುದನ್ನು ದುರುಗೇಶ ಬಾಯಲ್ಲೇ ನುಡಿಸಿ ತೋರಿಸಿದ. ಅಲ್ಲಿ ಚಹಾ ಕುಡಿಯುತ್ತಿದ್ದ ಆಟೊದವರು ತಲೆದೂಗಿದರು. ಮಿರ್ಚಿ ಬಾಯಲ್ಲಿಟ್ಟುಕೊಂಡೇ ಸಾಗರ ನಾಚಿ ಕೆಂಪಾದ.

ಬಿಸಿಲೇರಿತು. ಉಳಿದವನು ದುರುಗೇಶ. ಅವನೇ ಕೈಯಾರೆ ದೊಡ್ಡ ಮಿರ್ಚಿ ಆರಿಸಿ ಬಾಯಿಗಿಟ್ಟುಕೊಂಡು ಬೆಂಚಿನ ಮೇಲೆ ನೆಟ್ಟಗೆ ಕೂತ. ಈಗ ಶುರುವಾಗುತ್ತದೆ. ಈಗ ಇವರು ಕಿತ್ತಾಡುತ್ತಾರೆ. ಯಾವ ಹಾಡಿಗೆ ಯಾರು ನಿಲ್ಲುತ್ತಾರೆ ಎಂದು ಅವನು ವಾರವಿಡೀ ತಗಡು ಬಡಿಯುತ್ತ ಲೆಕ್ಕ ಹಾಕಿದ್ದ.

“‘ಎಡದಂಡೆ,’” ಅಂದಳು ಹೇಮಾವತಿ.

“ಹೌದಕ್ಕ, ‘ಎಡದಂಡೆ,’” ಅಂದ ಬಸವರಾಜ್.

“ಮತ್ತಿನ್ಯಾವುದು? ಅದs ಆತು,” ಅಂದ ಸಾಗರ. “ಏಳ್ರಿ, ಹೊತ್ತಾತು.”

ಮುಗಿಯಿತು. ಮಿರ್ಚಿ ಇನ್ನೂ ಮುರಿದಿರಲಿಲ್ಲ.

ದುರುಗೇಶನಿಗೆ ಮೊದಲು ತಟ್ಟಿದ್ದು ಇದು: ಕಿತ್ತಾಟವೇ ಇಲ್ಲ. ಅವರವರ ಹಾಡಿಗೆ ಬಂಡಿ ಅಲ್ಲಾಡಿಹೋಗಿತ್ತು, ತನ್ನದಕ್ಕೆ ಎಲೆಯೂ ಅಲ್ಲಾಡಲಿಲ್ಲ. ಎರಡನೆಯದು ಆಮೇಲೆ ತಟ್ಟಿತು. ಅವನು ಕಾನೂನು ಮುರಿದು ಮಿರ್ಚಿಯನ್ನು ಕೈಗೆ ಉಗುಳಿಕೊಂಡ.

“‘ಎಡದಂಡೆ’ಗೆ ಡ್ರಮ್ಸ್ ಎಲ್ಲೈತಲೇ? ಅದು ನಾ ಬಾರಿಸೇ ಇಲ್ಲ!”

ಮೂವರೂ ನಕ್ಕರು. ಬಸವರಾಜ್ ಫೋನಿನಲ್ಲಿ ಹಾಡು ಹಚ್ಚಿದ. ಹೇಮಾವತಿಯ ಮೆಲುದನಿ, ಅದರ ಕೆಳಗೆ ಧಡ್… ಟಕಟಕ… ಧಡ್… ಟಕಟಕ. ಅವಸರವಿಲ್ಲ, ಆಯಾಸವಿಲ್ಲ. ಎತ್ತು ಏರು ದಾರಿಯಲ್ಲಿ ಹೆಜ್ಜೆ ಹಾಕಿದ ಹಾಗೆ.

“ಕೇಳಲೇ,” ಅಂದ ಬಸವರಾಜ್. “ಒಂದು ಕೂದಲೆಳಿಯಷ್ಟೂ ಓಡಿಲ್ಲ ನೀನು. ಹತ್ತು ವರ್ಷದಾಗ ಇದೊಂದs. ಇದನ್ನ ಕೇಳಿದಾಗೆಲ್ಲ ಅನಕೊಂತೀನಿ, ಈ ಮಗ ಮನಸು ಮಾಡಿದ್ರ ಹಿಂಗೂ ಬಾರಸ್ತಾನ ಅಂತ.”

“ನಾನಲ್ಲ ಅನ್ನಾಕತ್ತೀನಿ, ಕೇಳಸಲ್ಲೇನು?”

“ನೋಡ್ರಪಾ,” ಹೇಮಾವತಿ ಸೆರಗಿನಿಂದ ಕೈ ಒರೆಸಿಕೊಂಡಳು. “ಹತ್ತು ವರ್ಷಕ್ಕ ಒಂದ್ಸಲ ದುರ್ಗ್ಯಾಗ ನಾಚಿಕಿ ಬಂತು. ಚಂದ ಕಾಣ್ತೀಯಪ್ಪ, ಇದ್ದುಬಿಡು ಹಂಗ.”

ಸಂಗತಿ ಹೀಗಿತ್ತು. ‘ಹೊಟ್ಟು’ ಆಲ್ಬಮಿನ ಡ್ರಮ್ಸ್ ರೆಕಾರ್ಡ್ ಮಾಡಿದ್ದು ಕಂಪ್ಲಿಯಲ್ಲಿ, ಸಾಗರನ ಸೋದರಮಾವ ಜಂಬಯ್ಯನವರ ರೈಸ್ ಮಿಲ್ಲಿನಲ್ಲಿ. ದೊಡ್ಡ ಊರಿನವರು ಸದ್ದು ತಡೆಯಲು ಗೋಡೆಗೆ ಏನೇನೋ ಅಂಟಿಸುತ್ತಾರಂತೆ. ಇವರು ಸುತ್ತಲೂ ಆಳೆತ್ತರಕ್ಕೆ ನೆಲ್ಲಿನ ಚೀಲ ಒಟ್ಟಿ ನಡುವೆ ಡ್ರಮ್ಸ್ ಇಟ್ಟರು. ಮಿಲ್ಲು ನಿಂತಿದ್ದ ದಿನಗಳು, ಒಳಗೆ ಮಸ್ತ್ ಸದ್ದು. ಮೈಕಿನ ತಂತಿ ಎಳೆದು ಪ್ರವೀಣ ಆಚೆ ಆಫೀಸು ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ. ಬೇರೆ ಆಲ್ಬಮಿನಂತೆ ಎಲ್ಲರೂ ಕೂಡಿ ಬಾರಿಸಿದ್ದಲ್ಲ, ಈ ಸಲ ಮೊದಲು ಡ್ರಮ್ಸ್, ಉಳಿದವರದೆಲ್ಲ ಆಮೇಲೆ ಅದರ ಮೇಲೆ ಅವನ ಸ್ಟುಡಿಯೊದಲ್ಲಿ.

ಕೊನೇ ದಿನ ಉಳಿದದ್ದು ‘ಎಡದಂಡೆ’ ಒಂದೇ. ಬಸವರಾಜ್ ಎಂದಿನಂತೆ “ಇದರಾಗರ ಓಡಬ್ಯಾಡ” ಅಂದ. ದುರುಗೇಶನೂ ಎಂದಿನಂತೆ “ನಿಮ್ಮಪ್ಪನ ಕೈಲಿ ಬಾರಿಸ್ಕೊ” ಅಂದ, ಕೋಲು ಅಲ್ಲೇ ಎಸೆದು ಹೊಸಪೇಟೆ ಬಸ್ಸು ಹತ್ತಿಬಿಟ್ಟ. ಬಸವರಾಜನೂ ಸಿಟ್ಟಿನಲ್ಲಿ ಸಂಡೂರಿನ ದಾರಿ ಹಿಡಿದ. ಹೇಮಾವತಿ, ಸಾಗರ ಆ ದಿನ ಬಂದಿರಲಿಲ್ಲ. ಆಮೇಲೆ ಹಾಡು ಹೊರಬಂತೆಂದು ಗೊತ್ತಾದಾಗ, ಡ್ರಮ್ಸ್ ಇಲ್ಲದೇ ಮಾಡಿಕೊಂಡಿರಬೇಕು, ಮಾಡಿಕೊಳ್ಳಲಿ ಎಂದುಕೊಂಡ ದುರುಗೇಶ, ಆ ಹಾಡು ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡ. ನಿಧಾನದ ಹಾಡು, ವೇದಿಕೆ ಮೇಲೆ ಯಾರೂ ಕೇಳುತ್ತಲೂ ಇರಲಿಲ್ಲ. ಆಣೆ ಇವತ್ತಿನವರೆಗೂ ಉಳಿದಿತ್ತು. ಬಸವರಾಜನೋ, ಇವನು ಅರ್ಧ ದಾರಿಯಿಂದ ತಿರುಗಿ ಬಂದು ಬಾರಿಸಿಟ್ಟು ಹೋಗಿದ್ದಾನೆ ಎಂದುಕೊಂಡಿದ್ದ.

ಪ್ರವೀಣನಿಗೆ ಫೋನ್ ಹೋಯಿತು.

“ನೀವs ಬಾರಿಸಿದ್ದು ದುರ್ಗಣ್ಣ,” ಅಂದ ಅವನು. “ಕಂಪ್ಯೂಟರ್ ಮ್ಯಾಲೆ ಗೆರಿ ಕುಣೀತಿತ್ತಲ್ಲ, ನಾ ನೋಡೀನಿ.”

“ನನ್ನ ನೋಡಿದೇನು?”

“ನಿಮ್ಮನ್ನ ಯಾಕ ನೋಡ್ಲಿ? ಚೀಲದ ಒಳಗಿದ್ರಿ. ನಾ ಗೆರಿ ನೋಡ್ಕೊಂತ ಊಟ ಮಾಡಿದೆ.”

ಫೋನ್ ಇಟ್ಟ ದುರುಗೇಶನ ತಲೆಯಲ್ಲಿ ಆ ಧಡ್‌ ಟಕಟಕ ಇನ್ನೂ ನಡೆಯುತ್ತಿತ್ತು. ಎಲ್ಲೋ ಕೇಳಿದ ಸದ್ದು. ಮನುಷ್ಯರದಲ್ಲ. ಥಟ್ಟನೆ ಅವನ ಕಣ್ಣು ಅಗಲವಾದವು.

“ಗಾಡಿ ಹತ್ರಿ,” ಅಂದ. “ಯಾರು ಬಾರಿಸ್ಯಾರ ತೋರಸ್ತೀನಿ. ಹತ್ರಲೇ!”

ಗ್ಯಾರೇಜಿನ ಛೋಟಾ ಹಾಥಿ ಗಾಡಿಗೆ ಡ್ರಮ್ಸ್ ಎತ್ತಿ ಹಾಕಿದರು. ಮುಂದೆ ದುರುಗೇಶ, ಹೇಮಾವತಿ, ಗೇರು ಕಾಲಿಗೆ ಸಿಕ್ಕಿಸಿಕೊಂಡ ಬಸವರಾಜ್. ಹಿಂದೆ ಡ್ರಮ್ಮುಗಳ ನಡುವೆ ಸಾಗರ. ಕಮಲಾಪುರ ದಾಟಿತು, ಬುಕ್ಕಸಾಗರ ದಾಟಿತು, ರಾಮಸಾಗರ ದಾಟಿತು. ಎರಡೂ ಬದಿ ನೆಲ್ಲು ಕೊಯ್ಲಿಗೆ ಬಂದು ಹಳದಿಯಾಗಿ ಬಾಗಿತ್ತು. ದುರುಗೇಶ ಯಾವುದನ್ನೂ ನೋಡಲಿಲ್ಲ. ರಸ್ತೆಯ ಗುಂಡಿಗಳನ್ನಂತೂ ಸುತರಾಂ ನೋಡಲಿಲ್ಲ. ಹಿಂದೆ ಸಾಗರ ಒಂದೊಂದು ಗುಂಡಿಗೂ ಅವನ ಮನೆತನದ ಒಬ್ಬೊಬ್ಬರನ್ನು ನೆನೆಯುತ್ತ ಬಂದ.

ಮಿಲ್ಲಿನಲ್ಲಿ ಹಂಗಾಮಿನ ಗದ್ದಲ. ಹಮಾಲರು ಚೀಲ ಹೊತ್ತು ಲಾರಿ ತುಂಬುತ್ತಿದ್ದರು. ಜಂಬಯ್ಯನವರು ಪಡಸಾಲೆಯಲ್ಲಿ ಕೂತು ಮುಷ್ಟಿಯಲ್ಲಿ ನೆಲ್ಲು ತಿಕ್ಕಿ ಊದಿ ನೋಡುತ್ತಿದ್ದರು.

“ಮಾವ, ನಾಲ್ಕು ವರ್ಷದ ಹಿಂದ ನಾವು ಇಲ್ಲಿ ರೆಕಾರ್ಡ್ ಮಾಡಿದ್ವಲ್ಲ…” ಸಾಗರ ಬಾಯಿ ತೆಗೆದ.

“ಮರೀಲಿಕ್ಕೆ ಆಗ್ತೈತೇನಪ್ಪ? ನನ್ನ ಚೀಲ ಎಲ್ಲ ಗ್ವಾಡಿ ಮಾಡ್ಕೊಂಡು ಕುಂತಿದ್ರಿ. ಕೊನಿಗೆ ಅಕ್ಕಿ ಕೊಳ್ಳೋ ಪಾರ್ಟಿ ಬಂದು ಬಾಗಿಲದಾಗ ನಿಂತ ಅಂತ ನಿಮ್ಮ ಗ್ವಾಡಿ ಕಿತ್ತು ಮಿಲ್ಲಿಗೆ ಹಾಕಿದ್ವಿ.”

“ಯಾವಾಗ್ರಿ ಸಾವುಕಾರ್ರ?” ದುರುಗೇಶ ಮುಂದೆ ನುಗ್ಗಿದ.

“ಯಾವಾಗಂದ್ರ? ನೀ ಕೋಲು ಒಗದು ಬೈಕೊಂತ ಹೋದೆಲ್ಲ, ಆಗ. ನಿಮ್ಮದು ಮುಗೀತು ಅಂತ ತಿಳದ್ವಿ. ಮುದುಕಪ್ಪ ಆಗಿಂದಾಗ ಮಷಿನ್ ಚಾಲೂ ಮಾಡಿದ.”

ಸದ್ದು ತಡೆಯಲು ಕಟ್ಟಿದ ಗೋಡೆಯನ್ನೇ ಮಿಲ್ಲು ತಿಂದು ಅಕ್ಕಿ ಮಾಡಿತ್ತು. ಮೈಕುಗಳು ಬಾಯಿ ತೆರೆದುಕೊಂಡು ಅಲ್ಲೇ ನಿಂತಿದ್ದವು.

ಮಿಲ್ಲು ನಡೆಸುವ ಮುದುಕಪ್ಪನನ್ನು ಕರೆದರು. ಅವನು ಇವರನ್ನು ಒಳಗಿನ ಹಳೇ ಜರಡಿ ಯಂತ್ರದ ಬಳಿಗೆ ಕರೆದೊಯ್ದ. ಹೊಸವು ಬಂದಿದ್ದರೂ ಅದನ್ನು ತೆಗೆದಿರಲಿಲ್ಲ, ದಿನವೂ ನಡೆಸುತ್ತಿದ್ದರು; ಈಗ ನೆಲ್ಲು ತುಂಬಲು ಅರೆಗಳಿಗೆ ನಿಲ್ಲಿಸಿದ್ದರು. ಅದರ ಒಂದು ಕಾಲು ಕುಂಟು, ಕೆಳಗೆ ಇಟ್ಟಿಗೆ ಕೊಟ್ಟಿತ್ತು. ರೆಕಾರ್ಡಿಂಗಿಗೆ ಮೊದಲು ಜಾಗ ನೋಡಲು ಬಂದ ದಿನ ದುರುಗೇಶ ಇದರ ನಡಿಗೆ ಕೇಳಿದ್ದ.

“ಹಾಕಣ್ಣ ಒಮ್ಮೆ,” ಅಂದ ದುರುಗೇಶ.

ಬೆಲ್ಟು ತಿರುಗಿತು. ಜರಡಿ ಒಮ್ಮೆ ಸೀನಿ, ಅಲ್ಲಾಡಿ, ನಡಿಗೆ ಹಿಡಿಯಿತು. ಧಡ್… ಟಕಟಕ… ಧಡ್… ಟಕಟಕ.

ಬಸವರಾಜ್ ಬಾಯಿ ಮುಚ್ಚಲು ಮರೆತ. ಹೇಮಾವತಿ ಕಿವಿಗೆ ಕೈಯಿಟ್ಟು ತನಗೇ ಎಂಬಂತೆ ‘ಎಡದಂಡೆ’ಯ ಮೊದಲ ಸಾಲು ಗುನುಗಿದಳು. ಕೂತಿತು. ಎರಡನೇ ಸಾಲೂ ಕೂತಿತು. ನೆಲ್ಲು ಉದುರುವುದಕ್ಕೂ ಅವಳು ಉಸಿರೆಳೆಯುವುದಕ್ಕೂ ಮೊದಲೇ ಮಾತಾಗಿತ್ತೇನೋ ಅನ್ನುವಂತೆ ಕೂತಿತು.

“ನಾ ಹೇಳ್ಲಿಲ್ಲೇನು!” ದುರುಗೇಶ ಎರಡೂ ಕೈ ಮೇಲೆತ್ತಿ ಕುಣಿದ. “ಹೇಳ್ಲಿಲ್ಲೇನು, ನಾನಲ್ಲ ಅಂತ! ಯಾರ ಬೆಸ್ಟ್ ಇದು? ನಂದಾ? ಇದರಪ್ಪಂದು! ಗೆದ್ದೆ!”

ಆಮೇಲೆ ಅವನ ಕೈ ಕೆಳಗಿಳಿಯಿತು. ಗೆದ್ದದ್ದು ಏನನ್ನು ಎಂಬುದು ಆಗ ಅವನಿಗೆ ಹೊಳೆಯಿತು. ಹತ್ತು ವರ್ಷದಲ್ಲಿ ಈ ಮೂವರು ಮೆಚ್ಚಿದ್ದು ಒಂದೇ ಒಂದು. ಅದನ್ನು ತಾನೇ ಗಾಡಿ ಓಡಿಸಿಕೊಂಡು ಬಂದು, ತಾನೇ ಬೆಲ್ಟು ಹಾಕಿಸಿ, ಒಂದು ಕುಂಟು ಜರಡಿಗೆ ಬರೆದುಕೊಟ್ಟಿದ್ದ.

“ಹಂಗಾರ ನಮ್ಮ ಮಿಲ್ಲು ಈ ಹುಡುಗನಕಿಂತ ಚಲೋ ಬಾರಿಸೈತಿ ಅನ್ರಿ,” ಜಂಬಯ್ಯನವರು ಮೀಸೆ ತೀಡಿದರು. “ವಿಡಿಯೊದಾಗ ಮಿಲ್ಲಿನ ಬೋರ್ಡ್ ಕಾಣಂಗ ತೆಗೀರಿ. ಒಂದು ನಿಮಿಷ ತಡೀರಿ, ಒರಸಾಕ ಹಚ್ತೀನಿ.”

“ಇದಕ್ಕ ಸಿಟ್ಟು ಬರಲ್ಲ, ನೋಡಿದೇನು,” ಬಸವರಾಜ್ ಮೆಲ್ಲಗೆ ಅಂದ. ಮೆಲ್ಲಗೆ ಅಂದದ್ದು ಜರಡಿಯ ಸದ್ದಿನಲ್ಲೂ ದುರುಗೇಶನಿಗೆ ನೆಟ್ಟಗೆ ಕೇಳಿಸಿತು. ಇಂಥವು ಕೇಳಿಸಿಯೇ ಕೇಳಿಸುತ್ತವೆ.

“ಡ್ರಮ್ಸ್ ಇಳಸ್ರಿ!”

“ದುರ್ಗ್ಯಾ, ಬ್ಯಾಡ.”

“ಇಳಸ್ರಿ ಅಂದ್ರ ಇಳಸ್ರಿ! ಅದೂ ಬಾರಿಸ್ಲಿ, ನಾನೂ ಬಾರಸ್ತೀನಿ. ಇವತ್ತು ನೋಡೇ ಬಿಡೂನು.”

ಓದಿದವರು ಇಂಥದಕ್ಕೆ ಏನೆನ್ನುತ್ತಾರೋ, ಹಮಾಲರು ಮಾತ್ರ ಇದಕ್ಕೆ ಹುಚ್ಚು ಅಂದರು. ಜರಡಿಯ ಎದುರಿಗೆ ಡ್ರಮ್ಸ್ ಹೂಡಿ, ಹೊಟ್ಟಿನ ಧೂಳಿನಲ್ಲಿ ಕೂತು ದುರುಗೇಶ ಕೋಲು ಹಿಡಿದ. ಶುರುವಿಗೆ ಸರಿ ಹೋಯಿತು. ಜರಡಿ ಧಡ್ ಅಂದರೆ ಇವನೂ ಧಡ್. ಅದು ಟಕಟಕ ಅಂದರೆ ಇವನೂ ಟಕಟಕ. ಹೇಮಾವತಿ ಹುಬ್ಬು ಮೇಲೆತ್ತಿದಳು. ಅದನ್ನು ಕಂಡದ್ದೇ ಇವನಿಗೆ ಖುಷಿ ಉಕ್ಕಿತು, ಖುಷಿಯ ಬೆನ್ನಿಗೇ ಈ ಕುಂಟನ ಮುಂದೆ ನನ್ನನ್ನು ನಿಲ್ಲಿಸಿದರಲ್ಲ ಎಂದು ಸಿಟ್ಟು ಉಕ್ಕಿತು, ಸಿಟ್ಟಿನ ಬೆನ್ನಿಗೆ ಕೈ. ಜರಡಿ ಕಂಪ್ಲಿಯಲ್ಲೇ ಇದ್ದಾಗ ಇವನು ರಾಮಸಾಗರ ದಾಟಿದ್ದ.

ಹಮಾಲರ ಹೆಜ್ಜೆ ಜರಡಿಗೆ ಒಗ್ಗಿಹೋಗಿತ್ತು. ಅದರ ಧಡ್‌ಗೆ ಕಾಲಿಟ್ಟು ಹಲಗೆ ಏರುವುದು ಅವರ ರೂಢಿ. ಈಗ ಎರಡೆರಡು ಧಡ್ ಆಗಿ, ಯಾವುದಕ್ಕೆ ಕಾಲಿಡಬೇಕೋ ತಿಳಿಯದೆ ಒಬ್ಬ ಹಲಗೆಯ ನಡುವೆ ನಿಂತ. ಹಿಂದಿನವನು ಅವನಿಗೆ ಡಿಕ್ಕಿ, ಅವನಿಗೆ ಮತ್ತೊಬ್ಬ. ಮೂರು ಚೀಲ ನೆಲಕ್ಕೆ ಬಿದ್ದು ಒಂದು ಬಾಯಿ ಬಿಚ್ಚಿತು.

“ಏ ತಮ್ಮಾ!” ಮುದುಕಪ್ಪ ಕೂಗಿದ. “ಯಾವುದಾದ್ರೂ ಒಂದನ್ನ ನಿಂದರಸ್ರಿ. ಮಿಲ್ಲು ನಿಂದರಸಾಕ ಬರಂಗಿಲ್ಲ, ಅಕ್ಕಿ ಹೋಗಬೇಕು. ನಿಮ್ಮದs ನಿಂದರಸ್ರಿ.”

ದುರುಗೇಶ ನಿಲ್ಲಿಸಿದ. ಎದ್ದ. ರೆಪ್ಪೆ, ಮೀಸೆ, ತಲೆಗೂದಲೆಲ್ಲ ಹೊಟ್ಟಿನ ಧೂಳು ಕೂತು ಒಂದೇ ಏಟಿಗೆ ಮುದುಕನಾಗಿದ್ದ. ಜರಡಿ ತನ್ನ ಪಾಡಿಗೆ ನಡೆಯುತ್ತಲೇ ಇತ್ತು. ಸೋತವರನ್ನು ತಿರುಗಿ ನೋಡುವ ಸೌಜನ್ಯವೂ ಅದಕ್ಕಿರಲಿಲ್ಲ.

“ಮಿಲ್ಲಿನ ಫೋಟೊ ಹಾಕ್ರಿ,” ಅಂದ. “ನನ್ನದು ಬ್ಯಾಡ. ಇವತ್ತಿಗೆ ನಾ ಬ್ಯಾಂಡ್ ಬಿಟ್ಟೆ.”

ಈ ಮಾತು ಅವನು ಹಿಂದೆಯೂ ಆಡಿದ್ದುಂಟು, ಆದರೆ ಕೂಗಿ ಆಡಿದ್ದ. ಇವತ್ತು ಕೂಗಲಿಲ್ಲ. ಡ್ರಮ್ಸ್ ಬಿಚ್ಚಿ ಒಂದೊಂದನ್ನೂ ಒರೆಸಿ ಗಾಡಿಗಿಟ್ಟ. ಅದನ್ನು ನೋಡಿ ಮೂವರಿಗೂ ಹೆದರಿಕೆಯಾಯಿತು.

ಬಿಟ್ಟವನೇ ಗಾಡಿ ಓಡಿಸಬೇಕು, ಬೇರೆ ದಾರಿ ಇರಲಿಲ್ಲ. ಹೊತ್ತಿಳಿಯುತ್ತಿತ್ತು. ಕಂಪ್ಲಿ ಹಿಂದೆ ಬಿತ್ತು. ರಾಮಸಾಗರದ ಹತ್ತಿರ ಹೇಮಾವತಿ, ಇವನಿಗಲ್ಲ, ಮುಂದಿನ ಗಾಜಿಗೆ ಹೇಳಿದಳು.

“ಪ್ರವೀಣ ಫೋನ್ ಮಾಡ್ತಾನ ಈಗ. ‘ಎಡದಂಡೆ’ ಹೋತು. ದುರ್ಗ್ಯಾಂದು ‘ಓವರ್‌ಲೋಡ್’ ಅನ್ರಿ.”

“ಯಾಕ?” ಬಸವರಾಜ್ ಕೇಳಿದ. “ಅದು ನಿಂದಲ್ಲೇನು?”

“ನನ್ನ ದನಿ ಒಡೀತೈತಲ್ಲ ಅಲ್ಲಿ, ಅಲ್ಲಿ ಇಂವ ಜೋರು ಹೊಡೀಬೇಕಿತ್ತು. ಪ್ರ್ಯಾಕ್ಟೀಸಿನಾಗೆಲ್ಲ ಹೊಡದಾನ. ಆವತ್ತು ನನ್ನ ದನಿ ಒಡದಿದ್ದು ಕೇಳಿ ಎತ್ತಿದ ಕೈ ಹಂಗs ಹಿಡಕೊಂಡ. ಹೊಡೀಲಿಲ್ಲ. ಹೊಡದಿದ್ರ ನಾ ಅದರ ಕೆಳಗ ಹುಗದು ಹೋಗ್ತಿದ್ದೆ. ನನ್ನ ಬೆಸ್ಟ್ ಅಂತೀರಲ್ಲ, ಅದು ಉಳದಿದ್ದು ಇಂವ ಸುಮ್ಮನಿದ್ದಿದ್ದಕ್ಕ.”

ದುರುಗೇಶ ರಸ್ತೆ ನೋಡುತ್ತಿದ್ದ. ಆ ಎತ್ತಿದ ಕೈಯನ್ನು ಯಾರೂ ನೋಡಿಲ್ಲ ಎಂದೇ ಇಷ್ಟು ವರ್ಷ ಅವನು ತಿಳಿದಿದ್ದ.

“ಅಲ್ಲಕ್ಕ,” ಬಸವರಾಜ್ ತಲೆ ಕೊಡವಿದ. “ಬಾರಸ್ಲಿಲ್ಲ ಅನ್ನೋದನ್ನ ಬೆಸ್ಟ್ ಅಂದ್ರ ಹೆಂಗ? ನಾನೂ ಎಷ್ಟೋ ಹಾಡಿನ್ಯಾಗ ಬಾರಿಸಿಲ್ಲ. ‘ವೇಬ್ರಿಜ್’ ಹಾಕ್ರಿ. ನನ್ನ ತಂತಿ ಕಡೀತು, ನಾ ಕುರುಡನಂಗ ತಡಕಾಡಾಕ ಹತ್ತಿದ್ದೆ. ಈ ಮಗ ಅಷ್ಟೊತ್ತನೂ ಹುಚ್ಚು ಹಿಡದವನಂಗ ಹೊಡದು ಹಾಡನ್ನ ನೆಲಕ್ಕ ಬೀಳದಂಗ ಹಿಡದ. ಓಡ್ತಾನ ಓಡ್ತಾನ ಅಂತೀವಿ. ಆವತ್ತು ಓಡಿದ್ದಕ್ಕs ನಾ ಉಳದೆ.”

“ನಿನ್ನ ಗಿಟಾರ್ ಉಳೀತಂತ ಅದು ಬೆಸ್ಟಾ? ಸ್ವಾರ್ಥಿ!”

“ನಿನ್ನ ದನಿ ಉಳೀತು ಅಂದಿದ್ದು ಏನಕ್ಕ ಮತ್ತ, ದಾನಧರ್ಮಾ?”

ಬೆನ್ನ ಹಿಂದಿನ ಕಿಟಕಿಯಲ್ಲಿ ಸಾಗರನ ಮುಖ ಮೂಡಿತು. ಡ್ರಮ್ಮಿನ ಮೇಲೆ ಮೊಣಕಾಲೂರಿ, ಗಾಳಿಗೆ ಕೂದಲು ಹಾರಾಡುತ್ತ, ಅವನು ಕಿಟಕಿಯ ಸಂದಿಗೆ ಬಾಯಿಟ್ಟು ಕೂಗಿದ.

“ಇಬ್ಬರಿಗೂ ತಲಿ ಇಲ್ಲ! ‘ಮೂರನೇ ಪಾಳಿ’ ಕೊನೀ ಹಾಡು! ಎಲ್ಲ ಮುಗದು ಸುಮ್ಮಾದ ಮ್ಯಾಲೆ ಒಂದು ‘ಠಣ್’ ಅಂತೈತಲ್ಲ! ಪಾಳಿ ಮುಗದ ಗಂಟಿ ಹೊಡದಂಗ! ಯಾವ ಡ್ರಮ್ಮಿನ್ಯಾಗ ಹೊಡದ ಅಂತ ಇವತ್ತಿಗೂ ಗೊತ್ತಾಗಿಲ್ಲ ನನಗ! ಅದು ತಲಿ ಅಂದ್ರ!”

“ಒಂದು ಠಣ್ಣಿಗೆ ಬೆಸ್ಟ್ ಕೊಡ್ತೀಯೇನಲೇ, ಬೇಸ್ ಬಾರಿಸೋ ಭೂಪ?” ಹೇಮಾವತಿ ಹಿಂದಕ್ಕೆ ತಿರುಗಿದಳು.

“ಯಾವ ಹೊತ್ತಿಗೆ ಬಿತ್ತು ಅನ್ನೋದರ ಮ್ಯಾಲೈತಿ! ನಿನಗ ಲ್ಯಾಬಿನ ಮಷಿನ್ ಬೀಪ್ ಅಂದ್ರನs ತಿಳಿಯೋದು!”

“ಗಾಡಿ ನಿಂದರಸು ದುರ್ಗ್ಯಾ, ಇವನ್ನ ಇಲ್ಲೇ ಕಾಲುವೀಗೆ ಒಗೀತೀನಿ.”

ದುರುಗೇಶ ನಿಲ್ಲಿಸಲಿಲ್ಲ. ನಿಲ್ಲಿಸಲಿಲ್ಲ ಅಷ್ಟೇ, ಓಡಿಸುತ್ತಲೂ ಇರಲಿಲ್ಲ. ಗಾಡಿ ಎತ್ತಿನ ಬಂಡಿಯ ಹೆಜ್ಜೆಗೆ ಇಳಿದಿತ್ತು. ಹಿಂದೆ ಬಂದ ಕಬ್ಬಿನ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ಹೊಡೆದು ಸೋತು, ಪಕ್ಕಕ್ಕೆ ಬಂದು, ಡ್ರೈವರು ಇವನ ತಾಯಿಯನ್ನು ನೆನೆದು ಮುಂದೆ ಹೋದ. ಟ್ರ್ಯಾಕ್ಟರು ತನ್ನನ್ನು ಹಿಂದೆ ಹಾಕಿತೆಂದರೆ ಬೇರೆ ದಿನವಾಗಿದ್ದರೆ ದುರುಗೇಶ ಹೊಸಪೇಟೆಯವರೆಗೂ ಅಟ್ಟಿಸಿಕೊಂಡು ಹೋಗುತ್ತಿದ್ದ. ಇವತ್ತು ದಾರಿ ಬಿಟ್ಟು, ಕೈಬೀಸಿದ.

ಬುಕ್ಕಸಾಗರದಲ್ಲಿ ‘ಓವರ್‌ಲೋಡ್’ ಗೆಲ್ಲುವ ಹಾಗಿತ್ತು. ಕಮಲಾಪುರಕ್ಕೆ ಬರುವಾಗ ಬಸವರಾಜ್ ಡ್ಯಾಶ್‌ಬೋರ್ಡ್ ಬಡಿದು ‘ವೇಬ್ರಿಜ್’ ಮುಂದೆ ತಂದ. ಬಡಿದದ್ದು ಬಿರುಕು ಬಿಟ್ಟಿತು, ಗ್ಯಾರೇಜಿನ ಯಜಮಾನನಿಗೆ ಏನು ಹೇಳುವುದು ಎಂದು ಕೂಡ ದುರುಗೇಶ ಯೋಚಿಸಲಿಲ್ಲ. ಪ್ರವೀಣನ ಫೋನು ಬಂದು ಬಂದು ಸುಮ್ಮನಾಯಿತು. ಯಾರೂ ಎತ್ತಲಿಲ್ಲ.

“ಅವನ್ನs ಕೇಳ್ರಿ!” ಸಾಗರ ಕಿಟಕಿಯಿಂದ ಅರಚಿದ. “ದುರ್ಗ್ಯಾ, ಆ ‘ಠಣ್’ ಏನಲೇ? ಹೇಳು ಇವರಿಗೆ! ಬೇಕಂತ ಹಾಕಿದ್ದೋ ಅಲ್ಲೋ?”

ಮೂವರೂ ಅವನ ಬಾಯಿ ನೋಡಿದರು.

ದುರುಗೇಶನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಗ್ಯಾರೇಜಿನಿಂದ ನೆಟ್ಟಗೆ ರೆಕಾರ್ಡಿಂಗಿಗೆ ಬಂದಿದ್ದ. ಹಾಡು ಮುಗಿದು ಬೆವರೊರೆಸಲು ಬಗ್ಗಿದಾಗ ಪ್ಯಾಂಟಿನ ಜೇಬಿನಲ್ಲಿ ಮರೆತಿದ್ದ, ಬೋಲ್ಟ್ ಬಿಗಿಯುವ ಪಾನಾ ಜಾರಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬಿದ್ದಿತ್ತು. ಠಣ್.

ಬಾಯಿ ತೆರೆದ. ಬೆಳಿಗ್ಗೆಯಿಂದ ಹೇಳಿದ್ದೆಲ್ಲ ನಿಜವನ್ನೇ. ಆ ನಿಜ ತನ್ನನ್ನು ಎಲ್ಲಿಗೆ ಕರೆದೊಯ್ದು ಕೂರಿಸಿತು ಎಂಬುದು ರೆಪ್ಪೆಯ ಮೇಲೆ ಇನ್ನೂ ಧೂಳಾಗಿ ಕೂತಿತ್ತು.

“ಬೇಕಂತs ಹಾಕಿದ್ದು,” ಅಂದ.

“ನೋಡಿದ್ರೇನು!” ಸಾಗರ ಹಿಂದೆ ಡ್ರಮ್ ಗುದ್ದಿದ.

“ಹಾಕಿದ್ರ ಹಾಕ್ಯಾನ, ಅದಕ್ಕs ಬೆಸ್ಟಾ?” ಹೇಮಾವತಿ ಎರಡೂ ಕೈ ಸೊಂಟಕ್ಕಿಡಲು ಹೋಗಿ, ಜಾಗ ಸಾಲದೆ ಬಸವರಾಜನ ಪಕ್ಕೆಗೆ ಮೊಣಕೈ ಇಟ್ಟಳು. ಅವನು ಹಾ ಎಂದು ಅರಚಿ, ಅರಚಿದ ದನಿಯಲ್ಲೇ ‘ವೇಬ್ರಿಜ್’ ವಾದವನ್ನು ಮೊದಲಿನಿಂದ ಶುರು ಮಾಡಿದ. ಮನೆ ಕಡೆ, ಚಿತ್ತವಾಡ್ಗಿಗೆ ಹೊರಳುವ ತಿರುವು ಬಂತು. ದುರುಗೇಶ ಹೊರಳಲಿಲ್ಲ. ಗಾಡಿಯನ್ನು ನೆಟ್ಟಗೆ, ಊರಾಚೆ ದೂರ ಹೋಗುವ ಡ್ಯಾಮಿನ ರಸ್ತೆಗೆ ಬಿಟ್ಟ. ಒಳಗಿದ್ದ ಯಾರಿಗೂ ಅದು ಗೊತ್ತಾಗಲಿಲ್ಲ.